ಡಾನ್ ಕಿಹೋಟೆಯ ಆದರ್ಶದಿಂದ ಯಾರಿಗಾದರೂ ಒಳ್ಳೇದಾಯಿತಾ?

ಪರ: ಆಯಿತು, ಸಾಂಚೊನನ್ನು ನೋಡಿ

ಡಾನ್ ಕಿಹೋಟೆ ಸ್ಪೇನಿನ ಲೇಖಕ ಸೆರ್ವಾಂಟೆಸ್‌ನ ಕಾದಂಬರಿಯ ನಾಯಕ, ವೀರಯೋಧರ ಕಥೆ ಓದಿ ಓದಿ ತಾನೂ ಹಾಗೇ ಅನ್ಯಾಯ ಸರಿಪಡಿಸುತ್ತೇನೆ ಅಂತ ಹೊರಟವನು. ಅವನು ಗಾಳಿಗಿರಣಿಗಳನ್ನು ರಾಕ್ಷಸರು ಅಂದುಕೊಂಡು ಮೇಲೆ ಬಿದ್ದ ಕಥೆ ಹೇಳಿ ಎಲ್ಲರೂ ನಗುತ್ತಾರೆ. ಅದು 1605ರ ಮೊದಲ ಭಾಗದ ಎಂಟನೇ ಅಧ್ಯಾಯ ಅಷ್ಟೇ. ಸೆರ್ವಾಂಟೆಸ್ 1615ರಲ್ಲಿ ತಂದ ಎರಡನೇ ಭಾಗವನ್ನೂ ಓದಬೇಕು. ಸಾಂಚೊ ಪಾಂಜಾ ಓದು ಬರಹ ಬಾರದ ರೈತ, ಊಟ ಮತ್ತು ದುಡ್ಡಿನ ಆಸೆಗೆ ಕಿಹೋಟೆಯ ಹಿಂದೆ ಸೇವಕನಾಗಿ ಬಂದವನು. ಒಬ್ಬ ಡ್ಯೂಕ್ ತಮಾಷೆ ನೋಡೋಣ ಅಂತ ಅವನನ್ನು ಬರಾತಾರಿಯ ಎಂಬ ಊರಿಗೆ ಗವರ್ನರ್ ಮಾಡುತ್ತಾನೆ. ಹೊರಡುವ ಮುಂಚೆ ಕಿಹೋಟೆ ಅವನನ್ನು ಕೋಣೆಗೆ ಕರೆದು ಬುದ್ಧಿ ಹೇಳುತ್ತಾನೆ. ರೈತನ ಮಗ ಅಂತ ಹೇಳಿಕೊಳ್ಳೋಕೆ ನಾಚಬೇಡ, ಬಡವನ ಕಣ್ಣೀರಿಗೆ ಕರಗು, ನ್ಯಾಯದ ದಂಡ ಬಗ್ಗಿದರೆ ಕರುಣೆಗೆ ಬಗ್ಗಲಿ, ಲಂಚಕ್ಕಲ್ಲ.

ಸಾಂಚೊ ಹಾಗೇ ನಡೆದುಕೊಂಡ. ಅವನ ಮುಂದೆ ಒಂದು ಸಾಲದ ಜಗಳ ಬರುತ್ತದೆ. ಸಾಲ ತೀರಿಸಿದ್ದೇನೆ ಅಂತ ಆಣೆ ಮಾಡುವಾಗ ಒಬ್ಬ ಮುದುಕ ತನ್ನ ಊರುಗೋಲನ್ನು ಸಾಲ ಕೊಟ್ಟವನ ಕೈಗೆ ಕೊಟ್ಟಿರುತ್ತಾನೆ, ಆಣೆ ಮುಗಿದ ಮೇಲೆ ವಾಪಸ್ ತಗೊಳ್ಳುತ್ತಾನೆ. ಸಾಂಚೊ ಆ ಕೋಲನ್ನೇ ಮುರಿಸುತ್ತಾನೆ, ಒಳಗಿಂದ ಆ ಸಾಲದ ಹತ್ತು ಚಿನ್ನದ ನಾಣ್ಯ ಬೀಳುತ್ತವೆ! ಜಾಣತನ ಅವನದೇ ಇರಬಹುದು, ಆದರೆ ಆ ಜಾಣತನವನ್ನು ದುಡ್ಡು ಮಾಡೋಕೆ ಬಳಸದೆ ಬರಿಗೈಯಲ್ಲೇ ಅಧಿಕಾರ ಬಿಟ್ಟು ಬಂದನಲ್ಲ, ಅದು ಕಿಹೋಟೆಯ ಜೊತೆ ಓಡಾಡಿ ಬಂದದ್ದು ಅಂತ ನನ್ನ ನಂಬಿಕೆ.

ವಿರೋಧ: ಆ ಹುಡುಗನನ್ನು ಕೇಳಿ

ಆಂದ್ರೆಸ್‌ಗೆ ಸುಮಾರು ಹದಿನೈದು ವರ್ಷ, ಕುರಿ ಕಾಯುವ ಹುಡುಗ. ಯಜಮಾನ ಅವನನ್ನು ಮರಕ್ಕೆ ಕಟ್ಟಿ ಬೆಲ್ಟಿನಿಂದ ಹೊಡೆಯುತ್ತಿದ್ದಾಗ ಕಿಹೋಟೆ ಬಂದು ಬಿಡಿಸುತ್ತಾನೆ, ಬಾಕಿ ಸಂಬಳ ಕೊಡು ಅನ್ನುತ್ತಾನೆ. ದುಡ್ಡು ಮನೆಯಲ್ಲಿದೆ, ಹೋಗಿ ಕೊಡ್ತೀನಿ ಅಂತ ಯಜಮಾನ ಆಣೆ ಮಾಡುತ್ತಾನೆ. ಇವನ ಜೊತೆ ಹೋದರೆ ಚರ್ಮ ಸುಲಿಯುತ್ತಾನೆ ಅಂತ ಹುಡುಗ ಬೇಡಿಕೊಂಡರೂ ಕಿಹೋಟೆ ಆಣೆ ನಂಬಿ ಹೊರಟೇ ಬಿಡುತ್ತಾನೆ. ಆಮೇಲೆ ಬಿದ್ದ ಏಟು ಮೊದಲಿಗಿಂತ ಜಾಸ್ತಿ, ಆಸ್ಪತ್ರೆ ಸೇರುವಷ್ಟು. ಮನೆ ತನಕ ಜೊತೆಗೆ ಹೋಗಬಹುದಿತ್ತು ಅಲ್ವಾ?

ಇದೊಂದೇ ಅಲ್ಲ. ರಾತ್ರಿ ಹೆಣ ಸಾಗಿಸುತ್ತಿದ್ದವರ ಮೇಲೆ ಸುಮ್ನೆ ಬಿದ್ದು ಒಬ್ಬನ ಕಾಲು ಮುರಿಸಿದ.

ಆಂದ್ರೆಸ್ ಮತ್ತೆ ಸಿಕ್ಕಾಗ ನಡೆದದ್ದೆಲ್ಲ ಎದುರಿಗೇ ಹೇಳುತ್ತಾನೆ. ಯಜಮಾನನನ್ನು ಹಿಡಿದೇ ಹಿಡಿಯುತ್ತೇನೆ, ಆದರೆ ಈಗ ಕೈಯಲ್ಲಿರುವ ಕೆಲಸ ಮುಗಿಯಲಿ ಅನ್ನುತ್ತಾನೆ ಕಿಹೋಟೆ. ಹುಡುಗನಿಗೆ ಬೇಕಿದ್ದದ್ದು ಸೆವಿಯ್ಯಾ ನಗರಕ್ಕೆ ಹೋಗೋಕೆ ದಾರಿ ಖರ್ಚು. ತನಗೇ ಸಾಲದಿದ್ದರೂ ಬ್ರೆಡ್ಡು, ಚೀಸು ತೆಗೆದುಕೊಟ್ಟವನು ಸಾಂಚೊ. ಆಂದ್ರೆಸ್ ಅದನ್ನು ತಗೊಂಡು, ಇನ್ನು ಮುಂದೆ ನನ್ನನ್ನು ತುಂಡು ತುಂಡು ಮಾಡಿದರೂ ಬಿಡಿಸೋಕೆ ಬರಬೇಡಿ ಅಂತ ಕಿಹೋಟೆಗೆ ಹೇಳಿ ಓಡುತ್ತಾನೆ. ಸಹಾಯ ಪಡೆದವನೇ ಹೀಗೆ ಹೇಳಿದ ಮೇಲೆ ಆ ಸಹಾಯವನ್ನು ಆದರ್ಶ ಅಂತ ಹೊಗಳೋಕೆ ನನಗೆ ಮನಸ್ಸು ಬರುವುದಿಲ್ಲ.