ಶಾಕಲ್ಟನ್ ದಕ್ಷಿಣ ಧ್ರುವ ಮುಟ್ಟಲಿಲ್ಲ: ಪೋಷಕರಿಗೊಂದು ಸ್ಪಷ್ಟನೆ

ವಿರಾಜಪೇಟೆ ಕಡೆಯ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಸಂದೇಶವೊಂದು ಹರಿದಾಡುತ್ತಿದೆ: ದಕ್ಷಿಣ ಧ್ರುವಕ್ಕೆ ಮೊದಲು ಕಾಲಿಟ್ಟವರು ಬ್ರಿಟಿಷ್ ಅನ್ವೇಷಕ ಅರ್ನೆಸ್ಟ್ ಶಾಕಲ್ಟನ್, ಅವರ ‘ಎಂಡ್ಯೂರೆನ್ಸ್’ ಯಾತ್ರೆಯಲ್ಲಿ ಒಬ್ಬರೂ ಸಾಯಲಿಲ್ಲ, ಮಕ್ಕಳಿಗೆ ಹೇಳಿಕೊಡಿ ಎಂದು. ಮಕ್ಕಳಿಗೆ ಪಾಠ ಹೇಳುವವಳಾಗಿ ಸುಮ್ಮನಿರಲು ನನಗೆ ಮನಸ್ಸು ಬರಲಿಲ್ಲ.

ಮೊದಲು ತಲುಪಿದವರು ನಾರ್ವೆಯ ಅಮುಂಡ್ಸನ್, 1911ರ ಡಿಸೆಂಬರ್ 14ರಂದು. ಶಾಕಲ್ಟನ್ 1909ರ ಜನವರಿಯಲ್ಲಿ ಧ್ರುವಕ್ಕೆ ಸುಮಾರು 180 ಕಿಲೋಮೀಟರ್ ಇರುವಾಗ, ಮುಂದೆ ಹೋದರೆ ಜೊತೆಗಾರರು ಉಳಿಯುವುದಿಲ್ಲವೆಂದು ಹಿಂದಿರುಗಿದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದೇ ಇಲ್ಲಿ.

ಎರಡನೆಯ ಮಾತು ಅರ್ಧ ಸತ್ಯ. ಮುಂದೆ ಅಂಟಾರ್ಕ್ಟಿಕಾ ಖಂಡವನ್ನು ದಾಟಲೆಂದು ಶಾಕಲ್ಟನ್ ಹೊರಟ ಹಡಗು ‘ಎಂಡ್ಯೂರೆನ್ಸ್’ ಮಂಜುಗಡ್ಡೆಗೆ ಸಿಕ್ಕಿ ಜಜ್ಜಿಹೋಗಿ 1915ರ ನವೆಂಬರಿನಲ್ಲಿ ಮುಳುಗಿತು. ಅದರಲ್ಲಿದ್ದ 28 ಮಂದಿಯೂ ಬದುಕಿದ್ದು ನಿಜ. ಸಹಾಯ ತರಲು ಆರು ಜನ ಚಿಕ್ಕ ದೋಣಿಯಲ್ಲಿ ಸುಮಾರು 1300 ಕಿಲೋಮೀಟರ್ ಸಮುದ್ರ ದಾಟಿದರು. ಆ ದೋಣಿಯ ಉದ್ದ ಇಪ್ಪತ್ತೆರಡೂವರೆ ಅಡಿ. ನಮ್ಮ ಕಾಫಿ ಕಣದ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಅಷ್ಟು ಉದ್ದದ ಗೆರೆ ಎಳೆದು, ಆರು ಮಕ್ಕಳನ್ನು ಅದರೊಳಗೆ ಕೂರಿಸಿದೆ. “ಇಷ್ಟೇನಾ?” ಎಂದು ಒಬ್ಬಳು ಮೊಣಕಾಲು ಮಡಚಿಕೊಂಡಳು.

ಆದರೆ ಅದೇ ಯಾತ್ರೆಗಾಗಿ ಖಂಡದ ಇನ್ನೊಂದು ಬದಿಯಲ್ಲಿ ಆಹಾರದ ದಾಸ್ತಾನು ಇಡುತ್ತಿದ್ದ ರಾಸ್ ಸಮುದ್ರ ತಂಡದ ಮೂವರು 1916ರಲ್ಲಿ ಸತ್ತರು: ಸ್ಪೆನ್ಸರ್-ಸ್ಮಿತ್, ಮ್ಯಾಕಿಂಟಾಷ್, ಹೇವರ್ಡ್. ಸಂದೇಶ ಮುಂದೆ ಕಳುಹಿಸುವವರು ದಯವಿಟ್ಟು ಈ ಮೂರು ಹೆಸರನ್ನೂ ಸೇರಿಸಿ.