ಅಂತಿಮ ಆವೃತ್ತಿ ಮುಂದುವರಿಯಲಿದೆ

ಹಳೆಯ ಸಿನಿಮಾಗಳು ಮತ್ತೆ ಡಿಸ್ಕ್ ಆಗಿ ಬರುತ್ತಿವೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ: 'ನೀವು ಹಿಂದೆಂದೂ ನೋಡಿರದ ರೀತಿಯಲ್ಲಿ!' ನನ್ನಂಥ ಹಳೇ ಅಭಿಮಾನಿಗೆ ಎದೆ ಧಸಕ್ ಅನ್ನುವುದು ಇಲ್ಲೇ. ನನಗೆ ಬೇಕಾಗಿರುವುದು ಹಿಂದೆ ನೋಡಿದ ರೀತಿಯಲ್ಲೇ. ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೊಡಲು ಕಂಪನಿಗಳು ತಯಾರಾಗಿವೆ.

ಈ ವ್ಯಾಪಾರದ ಒಂದು ಗುಣ ಮೆಚ್ಚಲೇಬೇಕು. ತಾನೇ ಮಾರಿದ ಮಾಲನ್ನು ಇಷ್ಟು ಧೈರ್ಯವಾಗಿ ಬಯ್ಯುವ ವ್ಯಾಪಾರಿ ಇನ್ನೆಲ್ಲೂ ಸಿಗುವುದಿಲ್ಲ. ವಿಎಚ್‌ಎಸ್ ಕ್ಯಾಸೆಟ್ ಕಾಲದಲ್ಲಿ ಅಗಲವಾದ ಚಿತ್ರವನ್ನು ಆಗಿನ ಟಿವಿಗೆ ಹೊಂದಿಸಲು ಎರಡೂ ಬದಿ ಕತ್ತರಿಸಿದರು. ಇಬ್ಬರು ಎದುರುಬದುರು ನಿಂತು ಮಾತಾಡಿದರೆ ಒಬ್ಬನ ಮೂಗಷ್ಟೇ ನಮ್ಮ ಪಾಲಿಗೆ. 1990ರ ದಶಕದ ಕೊನೆಗೆ ಡಿವಿಡಿ ಬಂತು. 'ಛೇ, ಕ್ಯಾಸೆಟ್‌ನಲ್ಲಿ ಅದ್ಹೇಗೆ ನೋಡ್ತಿದ್ರಿ' ಎಂದು ಕ್ಯಾಸೆಟ್ ಮಾರಿದವರೇ ಮರುಗಿದರು. 2006ರಲ್ಲಿ ಬ್ಲೂ-ರೇ ಡಿಸ್ಕ್ ಬಂತು, ಅದರ ಚಿತ್ರಕ್ಕೆ 1080 ಅಡ್ಡಗೆರೆ. ಗೆರೆ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ. ಅಲ್ಲಿಯವರೆಗೆ ಸ್ಫಟಿಕದಷ್ಟು ಸ್ವಚ್ಛ ಎನಿಸಿಕೊಂಡಿದ್ದ ಡಿವಿಡಿಯ 480 ಗೆರೆ ರಾತ್ರೋರಾತ್ರಿ ಮಸುಕಾಯಿತು. 2016ರಲ್ಲಿ 2160 ಗೆರೆಯ 4ಕೆ ಡಿಸ್ಕ್ ಬಂತು. ಈಗ ಬ್ಲೂ-ರೇ ಇಟ್ಟುಕೊಂಡವನೂ ಅಯ್ಯೋ ಪಾಪ. ಪ್ರತಿ ಸಲವೂ ಡಬ್ಬದ ಮೇಲೆ 'ಅಂತಿಮ' ಎಂದೇ ಇರುತ್ತದೆ. ನಾವೂ ಪ್ರತಿ ಸಲ ನಂಬುತ್ತೇವೆ.

ಗೆರೆ ಜಾಸ್ತಿ ಮಾಡಿ ಸುಮ್ನೆ ಇದ್ದಿದ್ದರೆ ನನ್ನ ತಕರಾರೇ ಇರಲಿಲ್ಲ. ಡಬ್ಬದೊಳಗಿನ ಕಥೆಗೂ ಕೈ ಹಾಕುತ್ತಾರೆ. 'ಸ್ಟಾರ್ ವಾರ್ಸ್' ನೋಡಿ. ಮದ್ಯದಂಗಡಿಯ ಮೇಜಿಗೆ ಹಾನ್ ಸೋಲೋ ಕೂತಿದ್ದಾನೆ, ಎದುರಿಗೆ ಗ್ರೀಡೋ ಎಂಬ ಹಸಿರು ಜೀವಿ. 1977ರಲ್ಲಿ ಹಾನ್ ಗುಂಡು ಹೊಡೆದ, ಗ್ರೀಡೋ ಸತ್ತ, ವ್ಯವಹಾರ ಮುಗಿಯಿತು. 1997ರಲ್ಲಿ ಅದನ್ನೇ ಮತ್ತೆ ಬಿಡುಗಡೆ ಮಾಡುವಾಗ ನಿರ್ದೇಶಕ ಜಾರ್ಜ್ ಲೂಕಾಸ್‌ಗೆ ನಾಯಕನ ನಡತೆಯ ಚಿಂತೆ ಹತ್ತಿತು. ಹಾಗಾಗಿ ಗ್ರೀಡೋ ಮೊದಲು ಹೊಡೆದ. ಒಂದೇ ಮೇಜಿನ ಆಚೆ ಬದಿಯಿಂದ ಹೊಡೆದು ಗುರಿ ತಪ್ಪಿದ! 2004ರ ಡಿವಿಡಿಯಲ್ಲಿ ರಾಜಿಯಾಯಿತು, ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೊಡೆದರು. 2019ರಲ್ಲಿ ಸ್ಟ್ರೀಮಿಂಗ್‌ಗೆ ಬಂದಾಗ ಗ್ರೀಡೋ ಸಾಯುವ ಮುಂಚೆ 'ಮಕ್ಲಂಕಿ' ಅಂದ. 42 ವರ್ಷದ ಹಿಂದೆ ಸತ್ತವನಿಗೆ ಹೊಸ ಡೈಲಾಗ್. ಬದುಕಿರುವ ಎಷ್ಟೋ ಸಹಕಲಾವಿದರಿಗೆ ಈ ಭಾಗ್ಯ ಇಲ್ಲ.

ಅದೇ ಸರಣಿಯ 1983ರ ಸಿನಿಮಾದಲ್ಲಿ ಖಳನಾಯಕ ಡಾರ್ತ್ ವೇಡರ್ ಒಂದೂ ಮಾತಾಡದೆ ಮಗನನ್ನು ಕಾಪಾಡುತ್ತಾನೆ. 2011ರ ಬ್ಲೂ-ರೇಯಲ್ಲಿ ಅಲ್ಲಿಗೆ 'ನೋ' ಎಂಬ ಕೂಗು ಸೇರಿಸಿದರು. ಆ ಮೌನ ನಮಗೆ ಅರ್ಥವಾಗಿರಲಿಕ್ಕಿಲ್ಲ ಎಂದು 28 ವರ್ಷ ಆದ ಮೇಲೆ ಯಾರಿಗೋ ಅನುಮಾನ ಬಂದಿರಬೇಕು.

'ಇ.ಟಿ.'ಯದ್ದು ಇನ್ನೊಂದು ಕಥೆ. 2002ರ ಆವೃತ್ತಿಯಲ್ಲಿ ಮಕ್ಕಳನ್ನು ಬೆನ್ನಟ್ಟುವ ಅಧಿಕಾರಿಗಳ ಕೈಯಿಂದ ಬಂದೂಕು ಕಸಿದು ವಾಕಿಟಾಕಿ ಕೊಟ್ಟರು. ಹಾಗೆ ಮಾಡಬಾರದಿತ್ತು ಎಂದು ನಿರ್ದೇಶಕ ಸ್ಪೀಲ್‌ಬರ್ಗ್ ಅವರೇ ಆಮೇಲೆ ಹೇಳಿದರು. 2012ರ ಬ್ಲೂ-ರೇಯಲ್ಲಿ ಬಂದೂಕು ವಾಪಸ್ ಬಂತು. ಹತ್ತು ವರ್ಷ ನಡೆದ ನಿಶ್ಶಸ್ತ್ರೀಕರಣ ಅಲ್ಲಿಗೆ ಮುಗಿಯಿತು.

ಇನ್ನು ಸ್ವಚ್ಛತಾ ಕಾರ್ಯಕ್ರಮ. ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳ್ಳಿ ಲವಣದ ಸಣ್ಣ ಕಣಗಳಿಂದ. ಪರದೆಯ ಮೇಲೆ ಅದು ಸಣ್ಣಗೆ ಕದಲುತ್ತಾ ಕಾಣುತ್ತದೆ, ಗ್ರೇನ್ ಅನ್ನುತ್ತೇವಲ್ಲ, ಅದು. ಕಂಪ್ಯೂಟರ್ ಮುಂದೆ ಕೂತ ಪುಣ್ಯಾತ್ಮನಿಗೆ ಅದು ಕೊಳೆಯಾಗಿ ಕಂಡಿತು. ಉಜ್ಜಿದ. ಕೊಳೆಯ ಜೊತೆ ಚರ್ಮದ ಸುಕ್ಕು, ಬೆವರು, ಗಡ್ಡದ ಕೂಳೆ ಎಲ್ಲ ಹೋಯಿತು. 2010ರಲ್ಲಿ ಮತ್ತೆ ಬಂದ 'ಪ್ರಿಡೇಟರ್' ಬ್ಲೂ-ರೇಯಲ್ಲಿ ಅರ್ನಾಲ್ಡ್ ಶ್ವಾರ್ಜನೆಗ್ಗರ್ ಕಾಡಿನ ನಡುವೆ ಮೇಣದ ಗೊಂಬೆಯಾಗಿ ನಿಂತಿದ್ದರು. ಮೈಗೆಲ್ಲ ಕೆಸರು ಬಳಿದುಕೊಂಡು ಅನ್ಯಗ್ರಹದ ಬೇಟೆಗಾರನಿಂದ ತಪ್ಪಿಸಿಕೊಂಡ ಆಸಾಮಿಗೆ ಸಾಫ್ಟ್‌ವೇರ್‌ನಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ.

ಈಗ ಉಜ್ಜುವ ಕೆಲಸಕ್ಕೂ ಹೊಸ ಯಂತ್ರಬುದ್ಧಿ, ಅಂದರೆ ಎಐ, ಬಂದಿದೆ. 2024ರಲ್ಲಿ 'ಏಲಿಯನ್ಸ್' ಮತ್ತು 'ಟ್ರೂ ಲೈಸ್' 4ಕೆ ಡಿಸ್ಕ್ ಬಂದಾಗ ಇದೇ ವಿಷಯಕ್ಕೆ ದೊಡ್ಡ ಜಗಳ ಆಯಿತು. ಹಳೆಯ ವಿಧಾನ ಇದ್ದದ್ದನ್ನು ಅಳಿಸುತ್ತಿತ್ತು. ಹೊಸದು ಇಲ್ಲದ್ದನ್ನು ಊಹಿಸಿ ಬರೆಯುತ್ತದೆ. ಒಂದೊಂದು ಕೂದಲೂ ಎಳೆ ಎಳೆಯಾಗಿ ಕಾಣುತ್ತದೆ. ಯಾರ ಕೂದಲು ಅಂತ ಮಾತ್ರ ಕೇಳಬಾರದು.

ನಿರ್ದೇಶಕರೇ ಮುಂದೆ ನಿಂತು ಮಾಡಿಸಿದರೆ ಸರಿಹೋಗುತ್ತೆ ಅಂತೀರಾ? 2009ರ 'ದಿ ಫ್ರೆಂಚ್ ಕನೆಕ್ಷನ್' ಬ್ಲೂ-ರೇಗೆ ನಿರ್ದೇಶಕ ವಿಲಿಯಂ ಫ್ರೀಡ್‌ಕಿನ್ ತಾವೇ ಹೊಸ ಬಣ್ಣ ಕೊಡಿಸಿದರು. ಆ ಸಿನಿಮಾದ ಛಾಯಾಗ್ರಾಹಕ ಓವನ್ ರಾಯ್ಜ್‌ಮನ್ ನೋಡಿ ಬಹಿರಂಗವಾಗಿಯೇ ಹರಿಹಾಯ್ದರು. 2012ರಲ್ಲಿ ಬಣ್ಣ ಸರಿಮಾಡಿದ ಇನ್ನೊಂದು ಬ್ಲೂ-ರೇ ಬಂತು. ಜಗಳ ಅವರಿಬ್ಬರದ್ದು. ಎರಡು ಡಿಸ್ಕ್ ಕೊಂಡವರು ನಾವು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. 'ಬ್ಲೇಡ್ ರನ್ನರ್' 2007ರಲ್ಲಿ ಐದು ಆವೃತ್ತಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ತಂದಿತು. ಥಿಯೇಟರಿಗೆ ಬಂದದ್ದು, 'ಫೈನಲ್ ಕಟ್', ಕೊನೆಗೆ ಪೂರ್ತಿ ಮುಗಿಯದ ಕಚ್ಚಾ ಪ್ರತಿಯೂ ಅದರಲ್ಲಿತ್ತು. ಯಾವುದು ಬೇಕೋ ಅದನ್ನು ನೋಡಿಕೊಳ್ಳಿ. ಇಷ್ಟು ಸುಲಭ. ಬೇರೆ ಡಬ್ಬಗಳಲ್ಲಿ ತಗಡಿನ ಕವಚ, ಪೋಸ್ಟ್‌ಕಾರ್ಡ್, ಸ್ಟಿಕ್ಕರ್, ಪುಸ್ತಕ ಎಲ್ಲಕ್ಕೂ ಜಾಗ ಇರುತ್ತದೆ. ಸಿನಿಮಾಗೆ ಮಾತ್ರ ಇರುವುದಿಲ್ಲ.

'ಸ್ಟಾರ್ ವಾರ್ಸ್'ನ 1977ರ ರೂಪವನ್ನು 2006ರಲ್ಲಿ ದೊಡ್ಡ ಮನಸ್ಸು ಮಾಡಿ ಡಿವಿಡಿಗೆ ಹಾಕಿದರು, ಅದೂ ಬೋನಸ್ ಎಂದು. ಅಂದರೆ ಮೂಲ ಸಿನಿಮಾವೇ ಆ ಸಿನಿಮಾದ ಹೆಚ್ಚುವರಿ ವಿಷಯ! ಅದಕ್ಕೆ ಬಳಸಿದ್ದು 1993ರಲ್ಲಿ ಲೇಸರ್‌ಡಿಸ್ಕ್‌ಗೆ, ಅಂದರೆ ಡಿವಿಡಿಗಿಂತ ಮುಂಚಿನ ದೊಡ್ಡ ಡಿಸ್ಕ್‌ಗೆ, ಮಾಡಿಟ್ಟಿದ್ದ ಪ್ರತಿ. ಅಗಲವಾದ ಟಿವಿಯ ನಟ್ಟನಡುವೆ ಚಿಕ್ಕದಾಗಿ ಕೂರುತ್ತಿತ್ತು. 2011ರ ಬ್ಲೂ-ರೇಯಲ್ಲಿ ಅದೂ ಇಲ್ಲ, 2020ರ 4ಕೆಯಲ್ಲೂ ಇಲ್ಲ.

ಕಾದು ಸಾಕಾದ ಕೆಲವು ಅಭಿಮಾನಿಗಳು 1977ರ 35 ಮಿ.ಮೀ. ಫಿಲ್ಮ್ ಪ್ರತಿ ಹುಡುಕಿ, 4ಕೆಯಲ್ಲಿ ಸ್ಕ್ಯಾನ್ ಮಾಡಿ, ಗೀರು, ಧೂಳು ತೆಗೆದು ತಾವೇ ಸಿದ್ಧಮಾಡಿಕೊಂಡರು. ಗ್ರೇನ್ ಹಾಗೇ ಇದೆ. ಹಾನ್ ಮೊದಲು ಹೊಡೆಯುತ್ತಾನೆ. ಕಾನೂನಿನ ಪ್ರಕಾರ ಇದಕ್ಕೆ ಪೈರಸಿ ಅನ್ನುತ್ತಾರೆ.

ನಾವು ದುಡ್ಡು ಕೊಟ್ಟು ತಂದ ಡಿಸ್ಕ್ ಹಾಕಿದರೆ ಮೊದಲು ಬರುವುದು ಅದೇ ಪೈರಸಿಯ ಎಚ್ಚರಿಕೆ. ಮುಂದಕ್ಕೆ ಓಡಿಸಲು ಬಟನ್ ಒತ್ತಿದರೆ ಕೇಳುವುದಿಲ್ಲ. ಪೂರ್ತಿ ಓದಬೇಕು. ಓದಿ ಮುಗಿಸಿದ ಮೇಲೆ ಗ್ರೀಡೋ ಮೊದಲು ಗುಂಡು ಹೊಡೆಯುತ್ತಾನೆ.