ಕಾರಣ ಬರೆಯಬೇಡಿ, ಮಾರ್ಕು ಹೋಗುತ್ತೆ

ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಗೊತ್ತಲ್ಲ, ಹೊರದೇಶಕ್ಕೆ ಹೊರಟವರು ಬರೆಯುವುದು. ಅದರ ಬರವಣಿಗೆ ಪೇಪರಿನ ಮೊದಲ ಪ್ರಶ್ನೆಗೆ ಕೋಚಿಂಗ್ ಕ್ಲಾಸಿನವರೆಲ್ಲ ರಿಪೋರ್ಟ್ ಅಂತಲೇ ಕರೆಯುತ್ತಾರೆ. ಒಂದು ಗ್ರಾಫೋ, ಟೇಬಲ್ಲೋ, ನಕ್ಷೆಯೋ ಕೊಟ್ಟಿರುತ್ತಾರೆ. 20 ನಿಮಿಷದಲ್ಲಿ, ಕನಿಷ್ಠ 150 ಪದಗಳಲ್ಲಿ, ಅದರಲ್ಲಿ ಏನು ಕಾಣುತ್ತದೋ ಅದನ್ನು ಮುಖ ಗಂಟಿಕ್ಕಿಕೊಂಡು ಬರೆಯಬೇಕು. ಕಾಣುವುದು ಮಾತ್ರ. ಯಾಕೆ ಹಾಗಾಯಿತು ಅಂತ ಬರೆಯಬಾರದು. ಯಾರಿಂದ ಆಯಿತು ಅಂತಲೂ ಬೇಡ. ನಿಮಗೇನನ್ನಿಸಿತು ಅನ್ನುವುದಂತೂ ಯಾರಿಗೂ ಬೇಡ.

ಮೊನ್ನೆ ದಿನಪತ್ರಿಕೆಯಲ್ಲಿ ಮತ್ತೆ ಅದೇ ಸಾಲು. 'ಈ ಕುರಿತು ವರದಿ ಸಲ್ಲಿಸುವಂತೆ ಅಧಿಕಾರಿಗಳಿಗೆ ಸೂಚಿಸಲಾಗಿದೆ.' ಯಾವುದರ ಕುರಿತು ಅಂತ ನಾನು ಹೇಳಬೇಕಾ? ಗುಡ್ಡ, ಹೆದ್ದಾರಿ, ಸೇತುವೆ, ಆಸ್ಪತ್ರೆ. ನಾಲ್ಕರಲ್ಲಿ ಯಾವುದನ್ನು ಹಾಕಿಕೊಂಡರೂ ವಾಕ್ಯ ಸರಿಹೋಗುತ್ತದೆ. ಕಾರವಾರದಲ್ಲಿ ಕೂತು ಆ ಸಾಲು ಓದುವಾಗ ನನಗೆ ಹೊಳೆಯಿತು, ಅಯ್ಯೋ, ಈ ಪರೀಕ್ಷೆಗೆ ನಮ್ಮ ಉತ್ತರ ಕನ್ನಡದಷ್ಟು ತಯಾರಾದ ಜಿಲ್ಲೆ ದೇಶದಲ್ಲೇ ಇನ್ನೊಂದಿಲ್ಲ.

ನಮ್ಮ ಕೋಡಿಬಾಗದ ಹುಡುಗಿಯೊಬ್ಬಳು ಈಗ ಅದಕ್ಕೇ ಓದುತ್ತಿದ್ದಾಳೆ. ನರ್ಸಿಂಗ್ ಮುಗಿಸಿದ್ದಾಳೆ, ನೈಟ್ ಡ್ಯೂಟಿ ಮಾಡಿ ಬಂದು ಹಗಲು ಗ್ರಾಫ್ ನೋಡುತ್ತಾಳೆ. ಇಂಗ್ಲೆಂಡಿನ ನರ್ಸಿಂಗ್ ಕೌನ್ಸಿಲ್‌ನವರಿಗೆ ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ 9ರಲ್ಲಿ 7 ಬ್ಯಾಂಡ್ ಬೇಕು, ಬರವಣಿಗೆಯಲ್ಲಿ 6.5 ಸಾಕು. ಮೊದಲು ಅದಕ್ಕೂ 7 ಇತ್ತು, 2018ರ ಕೊನೆಗೆ ಇಳಿಸಿದರು. ಎಲ್ಲರ ಗಾಡಿ ಅಲ್ಲೇ ಸಿಕ್ಕಿಬೀಳುತ್ತಿತ್ತು ಅಂತ ಕಾಣುತ್ತದೆ. ಫೀಸು 17 ಸಾವಿರಕ್ಕೆ ಕಡಿಮೆ ಇಲ್ಲ. ರಿಸಲ್ಟಿನ ಆಯುಸ್ಸು ಎರಡೇ ವರ್ಷ. ಅಷ್ಟರೊಳಗೆ ಹೋದರೆ ಹೋದಿರಿ, ಇಲ್ಲ ಅಂದರೆ ಮತ್ತೆ ದುಡ್ಡು ಕಟ್ಟಿ ಮತ್ತೆ ಗ್ರಾಫ್ ನೋಡಿ.

ಅವಳಿಗೆ ಸಿಕ್ಕಿದ ಪ್ರಾಕ್ಟೀಸ್ ಪ್ರಶ್ನೆ ನೋಡಿ. ಯಾವುದೋ ಯುರೋಪಿನ ದೇಶದಲ್ಲಿ ಜನ ಮೀನು, ಕೋಳಿ, ಕುರಿ ಎಷ್ಟೆಷ್ಟು ತಿಂದರು ಅನ್ನುವ ಗ್ರಾಫ್. ಬೇರೆಲ್ಲ ಗೆರೆ ಏರಿ ಇಳಿಯುತ್ತವೆ, ಮೀನಿನದು ಮಾತ್ರ ತಳದಲ್ಲಿ ಅಡ್ಡಡ್ಡ ಮಲಗಿದೆ. ಕಾರವಾರದ ಹುಡುಗಿಗೆ ಮೀನಿನ ಬಗ್ಗೆ 150 ಪದ ಬರಿ ಅಂದರೆ ಅದು ಅವಮಾನ ಅಲ್ವಾ? ಅವಳು ಕೂತು, ಪಾಪ, ಅಲ್ಲಿ ತಾಜಾ ಮೀನು ಸಿಗಲಿಕ್ಕಿಲ್ಲ, ಸಿಕ್ಕಿದರೂ ಮಾಡುವ ಬಗೆ ಗೊತ್ತಿರಲಿಕ್ಕಿಲ್ಲ ಅಂತೆಲ್ಲ ಬರೆದಳು. ಕ್ಲಾಸಿನ ಸರ್ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು. "ಮಾಮಾ, ಕಾರಣ ಬರೀಬಾರ್ದಂತೆ. ಮಾರ್ಕು ಹೋಗ್ತದಂತೆ" ಅಂದಳು.

ಹಾಗಾದರೆ ನಮ್ಮ ಮೀನು ಮಾರುಕಟ್ಟೆಯ ಹೆಂಗಸರು ಈ ಜನ್ಮದಲ್ಲಿ ಪಾಸಾಗುವುದಿಲ್ಲ. ಗ್ರಾಫ್ ಓದುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಇಸ್ವಾಣ ಮೀನಿನ ಬುಟ್ಟಿಯ ಮುಂದೆ ನಿಂತು ರೇಟು ಕೇಳಿ ನೋಡಿ. "ಬೆಳಿಗ್ಗೆ ಎಂಟ್ನೂರು ಇತ್ತು, ಆಗ ನೀವು ಬರ್ಲಿಲ್ಲ. ಈಗ ಆರ್ನೂರು. ಮಧ್ಯಾಹ್ನ ಬನ್ನಿ, ಮುನ್ನೂರಕ್ಕೆ ಕೊಡ್ತೆ, ಆದ್ರೆ ಅದನ್ನ ಬೆಕ್ಕೂ ಮೂಸೂದಿಲ್ಲ." ಮೂರು ಹೊತ್ತಿನ ಅಂಕಿ ಬಂತು, ಹೋಲಿಕೆ ಬಂತು, ಒಟ್ಟಾರೆ ಗೆರೆ ಯಾವ ಕಡೆ ಹೋಗುತ್ತಿದೆ ಅನ್ನುವುದೂ ಬಂತು. ಪರೀಕ್ಷೆಯವರು ಕೇಳುವುದೂ ಇದನ್ನೇ, ಮೊದಲು ಒಟ್ಟು ಚಿತ್ರ ಹೇಳು, ಆಮೇಲೆ ಅಂಕಿ ಕೊಡು, ಹೋಲಿಸು ಅಂತ. ಆದರೆ ಆಕೆ ಬೆಕ್ಕಿನ ಅಭಿಪ್ರಾಯ ಸೇರಿಸಿದ್ದಾಳೆ. ಬ್ಯಾಂಡ್ 5. ಇನ್ನು ಜೂನ್ 1ರಿಂದ ಜುಲೈ 31ರ ತನಕ ಗೆರೆ ಸೀದಾ ನೆಲಕ್ಕೆ ಬೀಳುತ್ತದೆ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದನ್ನೂ ಬರೆಯಬಾರದು. ಬಿತ್ತು ಅಂತ ಬರೆಯಬಹುದು. ಮೀನು ಮರಿ ಹಾಕುವ ಕಾಲ, ಅದಕ್ಕೇ ಬಲೆ ಹಾಕುವುದಿಲ್ಲ ಅಂದಿರೋ, ಅಧಿಕಪ್ರಸಂಗ.

ಇದು ಪರದೇಶದವರ ಚಟ ಅಂತ ತಿಳಿಯಬೇಡಿ. ನಮ್ಮ ಎರಡನೇ ಪಿಯುಸಿ ಇಂಗ್ಲಿಷ್ ಪೇಪರಿನಲ್ಲೂ ಬಾರ್ ಗ್ರಾಫ್ ಕೊಟ್ಟು ರಿಪೋರ್ಟ್ ಬರಿ ಅನ್ನುತ್ತಾರೆ. ಹುಡುಗರು ಒಂದೇ ಸಾಲು ಬಾಯಿಪಾಠ ಮಾಡಿಕೊಂಡು ಹೋಗಿ, ಕೊಟ್ಟಿರುವ ಗ್ರಾಫ್ ಇಂತಿಂಥದನ್ನು ತೋರಿಸುತ್ತದೆ ಅಂತ ಶುರು ಮಾಡಿ, ಕೊಟ್ಟ ಅಂಕಿಯನ್ನೇ ಸಾಲಾಗಿ ಇಳಿಸಿ ಬರುತ್ತಾರೆ. ಗ್ರಾಫ್ ಕೊಟ್ಟವರಿಗೇ ಅದರಲ್ಲಿ ಏನಿದೆ ಅಂತ ತಿರುಗಿ ಹೇಳುವ ಈ ವಿದ್ಯೆ ಆಗ ನನಗೆ ದಂಡ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಮುಂದೆ ಅದೇ ಹುಡುಗರಲ್ಲಿ ಕೆಲವರು ಆಫೀಸರಾಗುತ್ತಾರೆ, ಗುಡ್ಡ ಕುಸಿದ ಜಾಗಕ್ಕೆ ಜೀಪಿನಲ್ಲಿ ಹೋಗಿ, ಗುಡ್ಡ ಕುಸಿದಿರುವುದು ಕಂಡುಬಂದಿದೆ ಅಂತ ಬರೆಯುತ್ತಾರೆ. ಅಡಿಪಾಯ ಬೇಕಲ್ಲ.

ಐಇಎಲ್‌ಟಿಎಸ್‌ನಲ್ಲಿ ನಕ್ಷೆಯ ಪ್ರಶ್ನೆಯೂ ಬರುತ್ತದೆ. ಒಂದು ಊರು ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅಂತ ಎರಡು ನಕ್ಷೆ ಪಕ್ಕಪಕ್ಕ. ಹೊಲ ಇದ್ದಲ್ಲಿ ಹೋಟೆಲ್ಲು, ಮರ ಇದ್ದಲ್ಲಿ ಪಾರ್ಕಿಂಗು. ಆ ಹುಡುಗಿಗೆ ಪ್ರಾಕ್ಟೀಸಿಗೆ ನಾನೇ ಒಂದು ಪ್ರಶ್ನೆ ಮಾಡಿಕೊಟ್ಟೆ: ಕೆಳಗಿನ ನಕ್ಷೆಗಳು ಕಾರವಾರದ ಕಾಳಿ ನದಿಯನ್ನು 2024ರ ಆಗಸ್ಟ್ 6ರಂದು ಮತ್ತು 7ರಂದು ತೋರಿಸುತ್ತವೆ. ಮಾದರಿ ಉತ್ತರವನ್ನೂ ನಾನೇ ಬರೆದೆ. 'ಒಟ್ಟಾರೆಯಾಗಿ, ಹೆದ್ದಾರಿ ಸೇತುವೆಗಳ ಸಂಖ್ಯೆಯಲ್ಲಿ ಇಳಿಕೆ ಕಂಡುಬರುತ್ತದೆ. ಮೊದಲ ನಕ್ಷೆಯಲ್ಲಿ ಎರಡು ಸೇತುವೆಗಳಿದ್ದು, ಎರಡನೆಯದರಲ್ಲಿ ಒಂದು ಉಳಿದಿದೆ. ಇದಕ್ಕೆ ವ್ಯತಿರಿಕ್ತವಾಗಿ, ನದಿಯಲ್ಲಿರುವ ಲಾರಿಗಳ ಸಂಖ್ಯೆ ಸೊನ್ನೆಯಿಂದ ಒಂದಕ್ಕೆ ಏರಿದೆ.' ಒಂದು ತಪ್ಪಿಲ್ಲ, ಒಂದು ಆರೋಪವಿಲ್ಲ. 40 ವರ್ಷ ಹಳೆಯ ಸೇತುವೆಯ ಮೇಲೆ ಹಗಲೂ ರಾತ್ರಿ ಲಾರಿ ಬಿಡುತ್ತಿದ್ದಾಗ ಅದರ ಗಟ್ಟಿತನ ನೋಡಿದವರು ಯಾರು, ನೋಡಿ ಏನು ಬರೆದರು, ಅದೆಲ್ಲ ಕಾರಣಕ್ಕೆ ಸೇರಿದ್ದು, ಹಾಗಾಗಿ ಬಿಟ್ಟಿದ್ದೇನೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಮೇಲೆತ್ತಿದರು. ಅವರ್ಯಾರೂ ವರದಿಗೆ ಕಾಯಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದನ್ನೂ ತೆಗೆದೆ.

ಇನ್ನೊಂದು ಬಗೆ ಇದೆ, ಪ್ರೊಸೆಸ್ ಡಯಾಗ್ರಾಂ. ಚಾಕಲೇಟ್ ಹೇಗೆ ತಯಾರಾಗುತ್ತದೆ, ಇಟ್ಟಿಗೆ ಹೇಗೆ ಸುಡುತ್ತಾರೆ ಅಂತ ಬಾಣದ ಗುರುತು ಹಾಕಿ ತೋರಿಸಿರುತ್ತಾರೆ. ಅದಕ್ಕೆ ನಮ್ಮಲ್ಲಿ ಹುಬ್ಬಳ್ಳಿ-ಅಂಕೋಲಾ ರೈಲು ಇದೆ. ಸುಮಾರು 164 ಕಿಲೋಮೀಟರ್ ಮಾರ್ಗ, ವಾಜಪೇಯಿ ಪ್ರಧಾನಿಯಾಗಿದ್ದಾಗಿನ ಅಡಿಗಲ್ಲು. ಆಮೇಲೆ ಪರಿಸರದ ವರದಿ, ಆನೆ-ಹುಲಿಗಳ ವರದಿ, ಮಾರ್ಗ ಬದಲಿಸಿದರೆ ಏನಾಗುತ್ತದೆ ಅನ್ನುವ ವರದಿ, ಮೊದಲಿನ ವರದಿ ಸರಿ ಇದೆಯಾ ಅನ್ನುವ ವರದಿ. ಬಾಣ ಸುತ್ತಿಕೊಂಡು ಮತ್ತೆ ಮೊದಲ ಡಬ್ಬಿಗೇ ಬರುತ್ತದೆ. ರೈಲು ಬೇಕೋ, ಕಾಡು ಉಳಿಯಬೇಕೋ ಅನ್ನುವ ಜಗಳ ಬೇರೆ, ಅದಕ್ಕೆ ಕೈ ಹಾಕಿದರೆ ಶಿರಸಿಯ ಗೆಳೆಯರು ನನಗೆ ತೊಡೆದೇವು ಕಳಿಸುವುದನ್ನು ನಿಲ್ಲಿಸುತ್ತಾರೆ. ಆದರೆ ಇಷ್ಟು ವರ್ಷವೂ, ಆಗುತ್ತದೆ ಅಂತಲೂ ಹೇಳದೆ, ಆಗುವುದಿಲ್ಲ ಅಂತಲೂ ಹೇಳದೆ ಸಾಗಿಸಿದ್ದಾರಲ್ಲ, ಪದಮಿತಿ ಇಲ್ಲದಿದ್ದರೆ ಒಂದು ರಿಪೋರ್ಟ್ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ. ರೈಲಿಗಿಂತ ದೂರ ಹೋಗಿದೆ.

ಮಾರ್ಕು ಹಾಕುವ ಕ್ರಮವೂ ಚೆನ್ನಾಗಿದೆ. ನಾಲ್ಕು ಅಂಶ, ನಾಲ್ಕಕ್ಕೂ ಸಮ ತೂಕ. ಕೇಳಿದ್ದನ್ನು ಬರೆದಿದ್ದೀರಾ, ವಾಕ್ಯಕ್ಕೆ ವಾಕ್ಯ ಹೊಂದುತ್ತದಾ, ಶಬ್ದಸಂಪತ್ತು ಹೇಗಿದೆ, ವ್ಯಾಕರಣ ಸರಿ ಇದೆಯಾ. ಬರೆದದ್ದರಿಂದ ಯಾರಿಗಾದರೂ ಏನಾದರೂ ಉಪಯೋಗವಾಯಿತಾ ಅನ್ನುವುದು ಐದನೇ ಅಂಶ ಅಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ಅದು ಇರಬೇಕಾಗಿಯೂ ಇಲ್ಲ, ಅವರು ಭಾಷೆ ನೋಡುತ್ತಾರೆ, ನೋಡಲಿ. ನನ್ನ ತಕರಾರು ಅವರ ಮೇಲಲ್ಲ. ಪರೀಕ್ಷೆಯ ನಿಯಮವನ್ನೇ ತಂದು ಜಿಲ್ಲೆ ನಡೆಸುವವರ ಮೇಲೆ.

ಯಾಕಂದರೆ ಶಿರೂರಿನ ಗುಡ್ಡ ಕುಸಿತದ ಬಗ್ಗೆ ಹೀಗೆ ಆಟವಾಡಿ ಬರೆಯಲಿಕ್ಕೆ ನನಗೆ ಆಗುವುದಿಲ್ಲ. 2024ರ ಜುಲೈ 16. ಅಂಕೋಲಾದ ಆ ಹೆದ್ದಾರಿ ಪಕ್ಕ ಚಹಾದಂಗಡಿ ಇತ್ತು, ಅದನ್ನು ನಡೆಸುವ ಸಂಸಾರ ಇತ್ತು, ಚಹಾಕ್ಕೆ ಅಂತ ಲಾರಿ ನಿಲ್ಲಿಸಿದವರಿದ್ದರು. ಗುಡ್ಡ ಎಲ್ಲವನ್ನೂ ಗಂಗಾವಳಿ ನದಿಗೆ ನೂಕಿತು. ರಸ್ತೆ ಅಗಲ ಮಾಡಲಿಕ್ಕೆ ಗುಡ್ಡವನ್ನು ಗೋಡೆ ಹಾಗೆ ನೆಟ್ಟಗೆ ಕಡಿದದ್ದನ್ನು ಬಸ್ಸಿನಲ್ಲಿ ಓಡಾಡುವ ನಾವೆಲ್ಲ ನೋಡಿದ್ದೆವು. ಎಲ್ಲರ ಬಾಯಲ್ಲೂ ಅದೇ ಮಾತಿತ್ತು, ಇದು ಒಂದು ಮಳೆಗಾಲ ಬೀಳುತ್ತದೆ ಅಂತ. ಆಮೇಲೆ ಬಂದದ್ದು 'ಗುಡ್ಡ ಕತ್ತರಿಸಲಾಗಿತ್ತು', 'ಮಣ್ಣು ಸಡಿಲಗೊಂಡಿತ್ತು', 'ಭಾರೀ ಮಳೆ ದಾಖಲಾಗಿದೆ'. ಕತ್ತರಿಸಿದವರಿಗೆ ಹೆಸರಿಲ್ಲ, ಸಹಿ ಹಾಕಿದವರಿಗೆ ಹೆಸರಿಲ್ಲ. ಮಳೆಗೆ ಮಾತ್ರ ಮಿಲಿಮೀಟರ್ ಲೆಕ್ಕ.

ಆಸ್ಪತ್ರೆಯದಂತೂ ನಿಮಗೆ ಗೊತ್ತೇ ಇದೆ. 12 ತಾಲೂಕಿನ ಜಿಲ್ಲೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಇಲ್ಲ ಅನ್ನುವುದಿಲ್ಲ. ಆದರೆ ತಲೆಗೆ ಜೋರು ಪೆಟ್ಟು ಬಿದ್ದರೆ ಕಾರವಾರದವರು ಗೋವಾದ ಬಾಂಬೋಳಿಗೆ, ಹೊನ್ನಾವರ-ಭಟ್ಕಳದವರು ಮಣಿಪಾಲಕ್ಕೆ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ. 2022ರ ಜುಲೈ 20ರಂದು ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಇನ್ನೊಂದು ಶಿರೂರಿನ ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಜನ ಸತ್ತರು. ಆ ವಿಡಿಯೋ ನೋಡದವರು ಯಾರೂ ಇರಲಿಕ್ಕಿಲ್ಲ. ಆಸ್ಪತ್ರೆ ಬೇಕು ಅಂತ ಅದಕ್ಕೂ ಮೊದಲು, 2019ರಲ್ಲೇ, ಹುಡುಗರು ಟ್ವಿಟರಿನಲ್ಲಿ ಕೂಗಿದ್ದರು. ಆಮೇಲೆ ಮತ್ತೆ ಕೂಗಿದರು. ಜಾಗ ಹುಡುಕುವ ಮಾತು, ಕುಮಟಾದಲ್ಲೋ ಇನ್ನೆಲ್ಲೋ ಅನ್ನುವ ಮಾತು, ಬಜೆಟ್ಟಿನ ಮಾತು, ಚುನಾವಣೆಯ ಮಾತು. ನಾಲ್ಕು ಜನ ಸತ್ತ ಮೇಲೂ ಒಂದು ಜಿಲ್ಲೆ ತನಗೆ ಆಸ್ಪತ್ರೆ ಯಾಕೆ ಬೇಕು ಅಂತ ಕಾರಣ ಕೊಡುತ್ತಾ ಕೂರಬೇಕಾ? ಸಾಕಾಗಿದೆ. ನಿಜವಾಗಲೂ ಸಾಕಾಗಿದೆ.

ಅದಕ್ಕೇ ಆ ಹುಡುಗಿಗೆ ಹೋಗಬೇಡ ಅನ್ನುವ ಮುಖ ನನಗಿಲ್ಲ. ಬದಲಿಗೆ ಒಇಟಿ ಬರಿ ಅಂದೆ. ಅದು ಡಾಕ್ಟರು-ನರ್ಸುಗಳಿಗೇ ಮಾಡಿದ ಇಂಗ್ಲಿಷ್ ಪರೀಕ್ಷೆ, ಇಂಗ್ಲೆಂಡಿನವರು ಅದನ್ನೂ ಒಪ್ಪುತ್ತಾರೆ. ಅದರಲ್ಲಿ ಕುರಿ-ಕೋಳಿ ಗ್ರಾಫ್ ಇಲ್ಲ. ರೋಗಿಯ ಕೇಸ್ ನೋಟ್ಸ್ ಕೊಡುತ್ತಾರೆ, 45 ನಿಮಿಷ ಸಮಯ, ಅದರಲ್ಲಿ ಐದು ನಿಮಿಷ ಓದಲಿಕ್ಕೇ. ಅದನ್ನು ನೋಡಿಕೊಂಡು ಪತ್ರ ಬರೆಯಬೇಕು, ಹೆಚ್ಚಾಗಿ ಈ ರೋಗಿಯನ್ನು ಮುಂದೆ ನೀವು ನೋಡಿಕೊಳ್ಳಿ ಅಂತ ಬೇರೆ ಕಡೆಯವರಿಗೆ ಬರೆಯುವ ರೆಫರಲ್ ಪತ್ರ. ರೆಫರ್ ಮಾಡುವುದರಲ್ಲಿ ಉತ್ತರ ಕನ್ನಡದವರಿಗೆ ಕೋಚಿಂಗ್ ಬೇಕಾ ಹೇಳಿ. ಫೀಸು ಜಾಸ್ತಿ ಮಾಮಾ, ಅಂದಳು. ಹೌದು, ಐಇಎಲ್‌ಟಿಎಸ್‌ಗಿಂತ ಅದು ದುಬಾರಿ. ಹಾಗಾಗಿ ಮತ್ತೆ ಗ್ರಾಫ್.

ನನ್ನದೊಂದು ಬೇಡಿಕೆ ಇದೆ, ವರದಿ ಕೇಳುವವರಿಗೂ ಕೊಡುವವರಿಗೂ ಸೇರಿ. ನೀವೆಲ್ಲ ಒಂದು ಸಲ ಈ ಪರೀಕ್ಷೆಗೆ ಕೂತುಕೊಳ್ಳಿ. ನಿಮಗೆ 9ಕ್ಕೆ 9 ಬರುತ್ತದೆ, ಬರೆದುಕೊಡುತ್ತೇನೆ. ಫೀಸನ್ನು ನಾವು ಊರವರು ಪಟ್ಟಿ ಎತ್ತಿ ಕಟ್ಟುತ್ತೇವೆ, ಗಣಪತಿ ಹಬ್ಬಕ್ಕೆ ಎತ್ತುವುದಿಲ್ಲವಾ, ಹಾಗೆ. ಹುಬ್ಬಳ್ಳಿಗೆ ಹೋಗಿ ಬರೆದು ಬನ್ನಿ. ಸರ್ಕಾರಿ ಕಾರು ಬೇಡ, ಬಸ್ಸಿಗೇ ಹೋಗಿ. ಜುಲೈನಲ್ಲೇ ಹೋಗಿ, ಅರಬೈಲು ಘಾಟಿ ಹತ್ತಿಕೊಂಡು. ದಾರಿಯಲ್ಲಿ ಹಿಂದಿನಿಂದ ಸೈರನ್ ಕೇಳಿದರೆ ಡ್ರೈವರಿಗೆ ಹೇಳಿ ಬಸ್ಸನ್ನು ಸ್ವಲ್ಪ ಬದಿಗೆ ತೆಗೆಸಿ. ಅದೂ ಹುಬ್ಬಳ್ಳಿಗೇ ಹೊರಟಿರುತ್ತದೆ.